ದಾವಣಗೆರೆಗೆ ಮನೆ ಶಿಫ್ಟ್ ಮಾಡುವ ಮೊದಲು ಎಸಿ ಕೊಳ್ಳಬೇಕಾ?

ಪ್ರಶ್ನೆ: ನಾವು ಮಡಿಕೇರಿಯವರು. ಯಜಮಾನರ ಕೆಲಸ ಮತ್ತು ಮಗಳ ಓದಿನ ಸಲುವಾಗಿ ಏಪ್ರಿಲ್ ಕೊನೆಗೆ ದಾವಣಗೆರೆಗೆ ಬರುತ್ತಿದ್ದೇವೆ. ಎರಡು ಬೆಡ್‌ರೂಮಿನ ಮನೆಯಷ್ಟು ಸಾಮಾನಿದೆ. ಕೈಯಲ್ಲಿರುವುದು ಒಂದೂವರೆ ಲಕ್ಷ. ಅಲ್ಲಿ ಎಸಿ ಇಲ್ಲದೆ ಬದುಕೋಕಾಗಲ್ಲ, ಕೂಲರ್ ತಗೊಂಡರೆ ದುಡ್ಡು ದಂಡ ಅಂತ ಎಲ್ಲರೂ ಹೇಳುತ್ತಿದ್ದಾರೆ. ಎರಡು ರೂಮಿಗೂ ಎಸಿ ಹಾಕಿಸಿದರೆ 80 ಸಾವಿರ ಅಲ್ಲೇ ಹೋಗುತ್ತದೆ. ಉಳಿದದ್ದರಲ್ಲಿ ಶಿಫ್ಟಿಂಗ್ ಮುಗಿಯುತ್ತಾ?

ಉತ್ತರ: ಎಸಿ ಕೊಂಡರೆ ಮುಗಿಯಲ್ಲ. ಕೊಳ್ಳದಿದ್ದರೆ ಆರಾಮಾಗಿ ಮುಗಿಯುತ್ತದೆ. ಯುಗಾದಿ ಹತ್ತಿರ ಬಂದರೆ ಸಾಕು, ಇದೇ ಪ್ರಶ್ನೆ ಬರುತ್ತದೆ. ಹೊರಡುವ ಊರು ಮಾತ್ರ ಬೇರೆ. ಒಬ್ಬರು ಮೂಡಿಗೆರೆ, ಇನ್ನೊಬ್ಬರು ಬೆಂಗಳೂರು. ಎಲ್ಲರ ಪಟ್ಟಿಯಲ್ಲೂ ಮೊದಲ ಸಾಲಿನಲ್ಲಿ ಎಸಿ ಕೂತಿರುತ್ತದೆ. ಬಾಡಿಗೆ ಅಡ್ವಾನ್ಸ್ ಎರಡನೆಯದು, ಲಾರಿ ಮೂರನೆಯದು. ಈ ಕ್ರಮವೇ ತಪ್ಪು ಅಂತ ಎಷ್ಟು ಸಲ ಬರೆದರೂ ಮತ್ತೆ ಬರೆಯಬೇಕಾಗಿದೆ. ಈ ಸಲ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಮೊದಲು ಲಾರಿ ವಿಷಯ ಮುಗಿಸೋಣ, ಅದು ಸುಲಭ. ನಿಮ್ಮ ಸಾಮಾನಿಗೆ 14 ಅಡಿಯ ಗಾಡಿ ಸಾಕು. ಮಡಿಕೇರಿಯಿಂದ ದಾವಣಗೆರೆಗೆ ಮುನ್ನೂರು ಕಿಲೋಮೀಟರ್ ಹತ್ತಿರ ಅಂತ ಇಟ್ಟುಕೊಳ್ಳಿ. ಗಾಡಿ ಖಾಲಿ ವಾಪಸ್ ಹೋಗುವ ದಾರಿಯೂ ನಿಮ್ಮ ಲೆಕ್ಕಕ್ಕೇ ಬರುತ್ತದೆ, ಅಲ್ಲಿಗೆ ಆರುನೂರು. ಲೀಟರ್‌ಗೆ ಏಳೆಂಟು ಕಿಲೋಮೀಟರ್ ಓಡಿದರೆ 80 ಲೀಟರ್ ಡೀಸೆಲ್. ಲೀಟರ್‌ಗೆ 90 ರೂಪಾಯಿ ಹಿಡಿದರೂ ಏಳು ಸಾವಿರ ದಾಟಿತು. ಡ್ರೈವರ್ ಬತ್ತಾ, ಟೋಲ್, ಗಾಡಿ ಬಾಡಿಗೆ, ಎರಡೂ ಕಡೆ ಹಮಾಲರು, ಪ್ಯಾಕಿಂಗ್ ಎಲ್ಲ ಇದರ ಮೇಲೆ. ಹಾಗಾಗಿ ಫೋನಿನಲ್ಲಿ "ಎಂಟು ಸಾವಿರಕ್ಕೆ ಎಲ್ಲಾ ಮುಗಿಸಿಕೊಡ್ತೀವಿ" ಅಂದವರನ್ನು ನಂಬಬೇಡಿ. ಆ ದುಡ್ಡು ಡೀಸೆಲ್ ಕಳೆದರೆ ಖಾಲಿ. ಉಳಿದದ್ದನ್ನು ಸಾಮಾನು ಗಾಡಿ ಹತ್ತಿದ ಮೇಲೆ ಕೇಳುತ್ತಾರೆ, ಆಗ ನೀವು ಇಲ್ಲ ಅನ್ನುವ ಹಾಗಿರುವುದಿಲ್ಲ. ಎಲ್ಲಾ ಸೇರಿ 30 ಸಾವಿರ ಎತ್ತಿಡಿ. ದರ ಕೇಳುವಾಗ ಜಿಎಸ್‌ಟಿ ಸೇರಿದೆಯಾ, ಎಷ್ಟನೇ ಮಹಡಿಗೆ ಹತ್ತಿಸುತ್ತಾರೆ, ಮಂಚ ಬಿಚ್ಚಿ ಜೋಡಿಸುವುದು ಯಾರು ಅನ್ನುವುದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಮಡಿಕೇರಿಯಲ್ಲಿ ಎಷ್ಟೋ ಮನೆಗಳ ಬಾಗಿಲಿಗೆ ದೊಡ್ಡ ಗಾಡಿ ಬರುವುದಿಲ್ಲ. ಮುಖ್ಯರಸ್ತೆಯ ತನಕ ಪಿಕಪ್‌ನಲ್ಲಿ ಸಾಗಿಸಬೇಕಾದರೆ ಅದಕ್ಕೆ ಬೇರೆ ದುಡ್ಡು, ಅದನ್ನೂ ಮೊದಲೇ ಮಾತಾಡಿ. ಏಪ್ರಿಲ್‌ನಲ್ಲಿ ಬರುತ್ತಿರುವುದು ಒಳ್ಳೆಯದೇ. ಮಳೆ ಹಿಡಿದ ಮೇಲೆ ಕೊಡಗಿನ ರಸ್ತೆಗಳಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಹಾಕುವುದೂ ಉಂಟು.

ಗ್ಯಾಸ್ ಸಿಲಿಂಡರ್ ಮತ್ತು ರೆಗ್ಯುಲೇಟರನ್ನು ಮಡಿಕೇರಿಯ ಏಜೆನ್ಸಿಗೆ ಒಪ್ಪಿಸಿ, ಡಿಪಾಸಿಟ್ ವಾಪಸ್ ಪಡೆದು, ವರ್ಗಾವಣೆ ವೋಚರ್ ತನ್ನಿ. ಇಲ್ಲಿ ದಾವಣಗೆರೆಯಲ್ಲಿ ಈಗಿನ ದರದ ಡಿಪಾಸಿಟ್ ಕಟ್ಟಬೇಕು, ಅದು ಹಳೆಯದಕ್ಕಿಂತ ಜಾಸ್ತಿ ಇರಬಹುದು. ತುಂಬಿದ ಸಿಲಿಂಡರನ್ನು ಸಾಮಾನಿನ ಗಾಡಿಯಲ್ಲಿ ಹಾಕಲೇಬೇಡಿ. ಇನ್ನು ಕೆಎ-12 ಸ್ಕೂಟರನ್ನು ಕೆಎ-17 ಮಾಡಿಸಬೇಕಾ ಅಂತ ಕೇಳುವವರಿಗೆ: ಬೇಡ. ರಾಜ್ಯದೊಳಗೇ ಊರು ಬದಲಾದರೆ ನಂಬರ್ ಬದಲಾಗುವುದಿಲ್ಲ. ಆರ್‌ಸಿಯಲ್ಲಿ ವಿಳಾಸ ಬದಲಿಸಲು 30 ದಿನದೊಳಗೆ ಅರ್ಜಿ ಹಾಕಿದರೆ ಸಾಕು.

ಈಗ ಎಸಿಗೆ ಬರೋಣ.

"ಕೂಲರ್ ದಂಡ" ಅನ್ನುವ ಮಾತು ಎಲ್ಲಿಂದ ಬಂತು ಗೊತ್ತಾ? ಕರಾವಳಿಯಿಂದ. ಕೊಡಗಿನವರಿಗೆ ಸೆಖೆ ಅಂದರೆ ಮಂಗಳೂರಿನ ಸೆಖೆಯೇ ನೆನಪಾಗುವುದು. ನೆಂಟರು ಅಲ್ಲಿರುತ್ತಾರೆ, ಆಸ್ಪತ್ರೆಗೆ ಅಲ್ಲಿಗೆ ಹೋಗುತ್ತಾರೆ. ಅಲ್ಲಿ ಕೂಲರ್ ಹಾಕಿದರೆ ಮೈ ಅಂಟಂಟಾಗುತ್ತದೆ ಅನ್ನುವುದು ನೂರಕ್ಕೆ ನೂರು ನಿಜ. ಆ ಅನುಭವವನ್ನು ಹಾಗೇ ಎತ್ತಿ ದಾವಣಗೆರೆಗೆ ಅಂಟಿಸುವುದು ತಪ್ಪು. ಎರಡೂ ಊರು ಸುಡುತ್ತವೆ, ಸುಡುವ ರೀತಿ ಬೇರೆ.

ಕೂಲರ್ ಮಾಡುವ ಕೆಲಸ ಇಷ್ಟೇ. ಒದ್ದೆ ಪ್ಯಾಡಿನ ಮೂಲಕ ಗಾಳಿಯನ್ನು ಎಳೆಯುತ್ತದೆ. ನೀರು ಆವಿಯಾಗಲು ಶಾಖ ಬೇಕು, ಅದನ್ನು ಆ ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ನೀರು ತಣ್ಣಗಾಗುವುದೂ ಹೀಗೇ. ಒಂದು ಲೀಟರ್ ನೀರು ಆವಿಯಾದರೆ ಮೂರನೇ ಎರಡು ಯೂನಿಟ್ ಕರೆಂಟಿನಷ್ಟು ಶಾಖ ಗಾಳಿಯಿಂದ ಹೋಗುತ್ತದೆ. ಇದು ಸಣ್ಣ ವಿಷಯ ಅಲ್ಲ. ಆದರೆ ನೀರು ಆವಿಯಾಗಬೇಕಾದರೆ ಗಾಳಿ ಒಣಗಿರಬೇಕು. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಇನ್ನಷ್ಟು ನೀರನ್ನು ಅದು ಹೀರಿಕೊಳ್ಳುವುದಿಲ್ಲ.

ಲೆಕ್ಕ ಹಾಕಿ ನೋಡಿ. ಮಂಗಳೂರಿನಲ್ಲಿ ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ, ತೇವಾಂಶ ಶೇ 65 ಅಂತ ಇಟ್ಟುಕೊಳ್ಳಿ. ಒಳ್ಳೆಯ ಕೂಲರ್ ಇಟ್ಟರೂ ಗಾಳಿ 30ಕ್ಕಿಂತ ಕೆಳಗೆ ಇಳಿಯುವುದು ಕಷ್ಟ, ಬಂದದ್ದೂ ಒದ್ದೆ ಗಾಳಿ. ದಾವಣಗೆರೆಯಲ್ಲಿ ಅದೇ ಹೊತ್ತಿಗೆ 38 ಡಿಗ್ರಿ ಇರಲಿ, ತೇವಾಂಶ ಶೇ 30. ಅದೇ ಕೂಲರ್ ಗಾಳಿಯನ್ನು 27–28ಕ್ಕೆ ತರುತ್ತದೆ. ಹೊರಗೆ ನಾಲ್ಕು ಡಿಗ್ರಿ ಜಾಸ್ತಿ ಇದ್ದ ಊರಿನಲ್ಲಿ ಕೂಲರ್ ಮುಂದೆ ಎರಡು ಡಿಗ್ರಿ ಕಡಿಮೆ! ಇದನ್ನು ಓದಿಯೂ "ಆದರೂ ಕೂಲರ್ ಕೆಲಸ ಮಾಡಲ್ವಂತೆ" ಅನ್ನುವವರಿದ್ದಾರೆ. ಅವರು ಒಂದು ಮಧ್ಯಾಹ್ನ ನಿಟುವಳ್ಳಿಯಲ್ಲೋ ವಿದ್ಯಾನಗರದಲ್ಲೋ ಕೂಲರ್ ಇರುವ ಮನೆಯಲ್ಲಿ ಕೂತು ನೋಡಲಿ. ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರಿನ ಕಡೆ ಗಾಳಿ ಇನ್ನೂ ಒಣ. ರಾಜ್ಯದಲ್ಲೇ ಮಳೆ ತೀರಾ ಕಡಿಮೆ ಬೀಳುವ ಜಾಗಗಳವು.

ಹಾಗಾದರೆ ಇದೇ ಊರಿನಲ್ಲಿ ಕೂಲರ್ ಕೊಂಡು ಬೈದುಕೊಳ್ಳುವವರು ಯಾಕಿದ್ದಾರೆ? ಅವರ ಮನೆಗೆ ಹೋದರೆ ಕಾರಣ ಬಾಗಿಲಲ್ಲೇ ಗೊತ್ತಾಗುತ್ತದೆ. ಕಿಟಕಿ ಎಲ್ಲಾ ಮುಚ್ಚಿರುತ್ತಾರೆ. ಎಸಿಗೆ ಮುಚ್ಚಬೇಕು, ಕೂಲರ್‌ಗೆ ತೆರೆಯಬೇಕು. ಮುಚ್ಚಿದ ರೂಮಿನಲ್ಲಿ ಅದೇ ಗಾಳಿ ಮತ್ತೆ ಮತ್ತೆ ಸುತ್ತಿ, ಅರ್ಧ ಗಂಟೆಯಲ್ಲಿ ರೂಮು ಮಂಗಳೂರಾಗುತ್ತದೆ. ಕೂಲರನ್ನು ಕಿಟಕಿಗೆ ಬೆನ್ನು ಮಾಡಿ ಇಡಿ, ಹೊರಗಿನ ಒಣಗಾಳಿಯನ್ನು ಅದು ಎಳೆದುಕೊಳ್ಳಲಿ. ಎದುರು ಬದಿಯ ಕಿಟಕಿಯನ್ನೋ ಬಾಗಿಲನ್ನೋ ಅರ್ಧ ತೆರೆಯಿರಿ. ಇಷ್ಟು ಮಾಡಿದರೆ ಮುಕ್ಕಾಲು ಪಾಲು ದೂರು ನಿಲ್ಲುತ್ತದೆ. ಈ ಒಂದು ವಿಷಯ ಹೇಳಿಕೊಟ್ಟು ಎಸಿ ಖರೀದಿ ಕೈಬಿಡಿಸಿದ ಮನೆಗಳು ನಮ್ಮ ಬೀದಿಯಲ್ಲೇ ಇವೆ. ಅದು ನನಗೆ ಹೆಮ್ಮೆಯ ವಿಷಯ.

ಈಗ ದುಡ್ಡು. ಒಂದೂವರೆ ಟನ್ನಿನ ಎಸಿಗೆ 35 ಸಾವಿರದಿಂದ ಮೇಲೆ. ಪೈಪು, ಸ್ಟ್ಯಾಂಡು, ಸ್ಟೆಬಿಲೈಸರ್, ಕೂರಿಸುವ ಕೂಲಿ ಬೇರೆ. ಒಳ್ಳೆಯ ಕೂಲರ್ ಹತ್ತು ಸಾವಿರದ ಆಸುಪಾಸಿಗೆ ಬರುತ್ತದೆ. ಕರೆಂಟ್ ಲೆಕ್ಕ ಇದಕ್ಕಿಂತ ಮುಖ್ಯ. ರಾತ್ರಿ ಎಂಟು ಗಂಟೆ ಹೊತ್ತು ಎಸಿ ಓಡಿದರೆ ಎಂಟು ಹತ್ತು ಯೂನಿಟ್, ತಿಂಗಳಿಗೆ 240ರಿಂದ 300. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನೀವೇ ಕಟ್ಟಬೇಕು. ಅಂದರೆ ಎಸಿಯ ಯೂನಿಟ್ಟಿಗಷ್ಟೇ ಅಲ್ಲ, ಫ್ರಿಜ್ಜು, ಮಿಕ್ಸಿ, ದೀಪ ಎಲ್ಲದಕ್ಕೂ. ಯೂನಿಟ್‌ಗೆ ಆರು ರೂಪಾಯಿ ಹತ್ತಿರ ಹಿಡಿದರೆ ಎಲ್ಲಾ ಸೇರಿ ತಿಂಗಳಿಗೆ ಎರಡು ಸಾವಿರದ ಮೇಲೆ ಬಂತು, ಅದೂ ಒಂದೇ ಎಸಿ ಇದ್ದರೆ. ಕೂಲರ್ 150–200 ವ್ಯಾಟಿನದು. ಹತ್ತು ಗಂಟೆ ಓಡಿದರೂ ಎರಡು ಯೂನಿಟ್ ದಾಟುವುದಿಲ್ಲ, ತಿಂಗಳಿಗೆ 60. ನೀವು 200ರ ಒಳಗೇ ಇರುತ್ತೀರಿ. ಅಂದಹಾಗೆ, ಮಡಿಕೇರಿ ಮನೆಯ ಆರ್‌ಆರ್ ನಂಬರಿಗೆ ಜೋಡಿಸಿರುವ ನಿಮ್ಮ ಆಧಾರನ್ನು ಸೇವಾಸಿಂಧುವಿನಲ್ಲಿ ಡಿ-ಲಿಂಕ್ ಮಾಡಿಯೇ ಹೊರಡಿ. ಆಮೇಲೆ ಇಲ್ಲಿಯ ಬೆಸ್ಕಾಂ ಮೀಟರಿಗೆ ಗೃಹಜ್ಯೋತಿ ಅರ್ಜಿ ಹಾಕಬಹುದು. ಇದನ್ನು ಮರೆತು ಓಡಾಡುವವರು ತುಂಬಾ ಜನ.

ಇಷ್ಟೆಲ್ಲಾ ಸುಡುವುದು ಎಷ್ಟು ದಿನ ಅನ್ನುವುದನ್ನೂ ಕೇಳಿಕೊಳ್ಳಿ. ಮಾರ್ಚ್ ಮಧ್ಯದಿಂದ ಮೇ ಕೊನೆಯ ತನಕ. ಜೂನ್ ಬಂತೆಂದರೆ ಗಾಳಿ ಏಳುತ್ತದೆ, ಜುಲೈನಲ್ಲಿ ಹಗಲೂ 28–29ರ ಆಸುಪಾಸು. ಬೇಸಿಗೆಯಲ್ಲೂ ರಾತ್ರಿ ಹೊರಗೆ 23ಕ್ಕೆ ಇಳಿಯುತ್ತದೆ, ಒಣಗಾಳಿಯ ಊರಿನ ಗುಣ ಅದು. ರಾತ್ರಿ ಒಳಗೆ ಕುದಿಯುತ್ತಿದ್ದರೆ ತಪ್ಪು ಊರಿನದಲ್ಲ, ತಾರಸಿಯದು. ಆರ್‌ಸಿಸಿ ಹಗಲೆಲ್ಲಾ ಬಿಸಿಲು ಕುಡಿದು ರಾತ್ರಿ ಹನ್ನೊಂದರ ತನಕ ಮನೆಯೊಳಗೆ ಬಿಡುತ್ತದೆ. ನಮ್ಮ ಕಡೆಯ ಹಳೇ ಮಾಳಿಗೆ ಮನೆಗಳಲ್ಲಿ ಮಣ್ಣಿನ ದಪ್ಪ ಪದರ ಇದನ್ನು ತಡೆಯುತ್ತಿತ್ತು.

ಅದಕ್ಕೇ ಹೇಳುವುದು, ಎಸಿಗೆ ಎತ್ತಿಟ್ಟ ದುಡ್ಡನ್ನು ಮನೆ ಆರಿಸಲು ಬಳಸಿ. ಮೇಲಿನ ಮಹಡಿಯ ಬಾಡಿಗೆ ಕಡಿಮೆ ಅಂತ ಹೋಗಬೇಡಿ. ನಡುವಿನ ಮಹಡಿ ಅಥವಾ ಕೆಳಗಿನ ಮನೆಗೆ ತಿಂಗಳಿಗೆ ಸಾವಿರ ಜಾಸ್ತಿ ಕೊಟ್ಟರೂ ಲಾಭ. ಮನೆ ನೋಡಲು ಬೆಳಿಗ್ಗೆ ಹೋಗಬೇಡಿ, ಸಂಜೆ ಐದಕ್ಕೆ ಹೋಗಿ. ಮಲಗುವ ಕೋಣೆಯ ಪಶ್ಚಿಮದ ಗೋಡೆ ಮುಟ್ಟಿ ನೋಡಿ. ಕೈ ಸುಟ್ಟರೆ ಆ ಮನೆ ಬೇಡ. ಮೇಲಿನ ಮಹಡಿಯೇ ಗತಿ ಅಂದರೆ, ಓನರನ್ನು ಕೇಳಿ ತಾರಸಿಗೆ ಬಿಳಿ ಸುಣ್ಣವನ್ನೋ ಬಿಳಿ ಕೂಲ್ ಪೇಂಟನ್ನೋ ಹೊಡೆಸಿ. ಒಂದು ಎಸಿಯ ದುಡ್ಡಿನಲ್ಲಿ ಸಣ್ಣ ಪಾಲಷ್ಟೇ ಖರ್ಚಾಗುತ್ತದೆ.

ಕೂಲರ್‌ಗೂ ಮಿತಿ ಇದೆ, ಅದನ್ನು ಮುಚ್ಚಿಡುವುದಿಲ್ಲ. ಮೇ ತಿಂಗಳಲ್ಲಿ ಮಳೆ ಬಿದ್ದ ಮರುದಿನ ಅದು ಅಷ್ಟಾಗಿ ಕೆಲಸ ಮಾಡುವುದಿಲ್ಲ, ಆಗ ಪಂಪ್ ನಿಲ್ಲಿಸಿ ಬರೀ ಫ್ಯಾನ್ ಓಡಿಸಿ. ದಿನಕ್ಕೆ ಮೂರ್ನಾಲ್ಕು ಕೊಡ ನೀರು ಬೇಕು, ಹಾಗಾಗಿ ಮನೆ ನೋಡುವಾಗಲೇ ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಸಂಪ್ ಎಷ್ಟು ದೊಡ್ಡದು ಅಂತ ಕೇಳಿ. ಬೋರ್ ನೀರು ಗಡಸು. ಪ್ಯಾಡಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ, ನಳ್ಳಿ ನೀರು ಹಾಕುವುದು ಒಳ್ಳೆಯದು. ವಾರಕ್ಕೊಮ್ಮೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಉಜ್ಜಿ, ಒಣಗಿಸಲೇಬೇಕು. ಡೆಂಗಿ ಸೊಳ್ಳೆಗೆ ನಿಂತ ತಿಳಿನೀರು ಸಾಕು. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದರೆ, ಡಾಕ್ಟರು ಹೇಳಿದ್ದರೆ ಆ ಒಂದು ಕೋಣೆಗೆ ಎಸಿ ಹಾಕಿಸಿ. ಅದು ಬೇರೆ ಮಾತು. ಉಳಿದವರು ಒಂದು ಬೇಸಿಗೆ ಕಳೆದು ನೋಡಿ. ಅಂಗಡಿ ಎಲ್ಲಿಗೂ ಹೋಗಲ್ಲ.

ನಿಮ್ಮ ಒಂದೂವರೆ ಲಕ್ಷ ಈಗ ಹೀಗಾಗುತ್ತದೆ: ಶಿಫ್ಟಿಂಗ್‌ಗೆ 30 ಸಾವಿರ, ಕೂಲರ್ ಮತ್ತು ತಾರಸಿ ಬಣ್ಣಕ್ಕೆ 20, ಗ್ಯಾಸ್, ಎಲೆಕ್ಟ್ರಿಷಿಯನ್, ನಳ್ಳಿ ಕೆಲಸ, ಮೊದಲ ವಾರದ ಊಟ ತಿಂಡಿಗೆ 10. ಉಳಿದ 90 ಸಾವಿರದಲ್ಲಿ 20 ಸಾವಿರ ಮುಟ್ಟದೆ ಇಟ್ಟು, ಮಿಕ್ಕದ್ದು ಅಡ್ವಾನ್ಸ್ ಮತ್ತು ಮೊದಲ ಬಾಡಿಗೆಗೆ. ಅಡ್ವಾನ್ಸ್ ಮಾತಾಡುವಾಗ ಈ 70 ಸಾವಿರದ ಗೆರೆ ದಾಟಬೇಡಿ.

ನೀವು ಕೇಳಿಲ್ಲ, ಆದರೂ ಒಂದು ಮಾತು ಹೇಳಲೇಬೇಕು. ಮಡಿಕೇರಿಯವರ ಮನೆಯಲ್ಲಿ ಬೀಟೆ, ತೇಗದ ಹಳೇ ಮಂಚ, ಬೀರು ಇದ್ದೇ ಇರುತ್ತವೆ. ಅವು ವರ್ಷಗಟ್ಟಲೆ ತೇವದ ಗಾಳಿಯಲ್ಲಿ ಇದ್ದವು. ಏಪ್ರಿಲ್‌ನಲ್ಲಿ ಇಲ್ಲಿಗೆ ಬಂದರೆ ಮರದೊಳಗಿನ ತೇವ ಬೇಗ ಬೇಗ ಹೊರಬರುತ್ತದೆ. ಮರ ಉದ್ದಕ್ಕೆ ಕುಗ್ಗುವುದಿಲ್ಲ, ಅಗಲಕ್ಕೆ ಕುಗ್ಗುತ್ತದೆ. ಹಲಗೆಗಳ ನಡುವೆ ಸಂದು ಬೀಳುತ್ತದೆ, ಜೋಡಣೆ ಸಡಿಲವಾಗಿ ಮಂಚ ಕಿರುಗುಟ್ಟುತ್ತದೆ, ಕೆಲವೊಮ್ಮೆ ರಾತ್ರಿ ಟಪ್ ಅಂತ ಸದ್ದೂ ಬರುತ್ತದೆ. ಲಾರಿಯವರು ಹಾಳು ಮಾಡಿದರು ಅಂತ ಅವರ ಮೇಲೆ ಜಗಳಕ್ಕೆ ಹೋಗಬೇಡಿ. ಹೊರಡುವ ಮುಂಚೆ ಪ್ರತಿ ಸಾಮಾನಿನ ಫೋಟೋ ತೆಗೆದಿಟ್ಟರೆ, ಪೆಟ್ಟು ಬಿದ್ದದ್ದು ಯಾವುದು, ಒಣಗಿ ಬಿರುಕು ಬಿಟ್ಟದ್ದು ಯಾವುದು ಅಂತ ಗೊತ್ತಾಗುತ್ತದೆ.

ಸಾಗಿಸುವಾಗ ಮರದ ಸಾಮಾನಿಗೆ ಹಳೇ ಕಂಬಳಿ ಸುತ್ತಿರಿ. ಬರೀ ತಾಡಪಾಲು ಹೊದಿಸಿ ಬಿಸಿಲಲ್ಲಿ ಬಿಡಬೇಡಿ. ಇಲ್ಲಿ ಇಳಿಸಿದ ಮೇಲೆ ಪಶ್ಚಿಮದ ಗೋಡೆಗೆ ಒರಗಿಸಬೇಡಿ, ಕಿಟಕಿಯ ಬಿಸಿಲು ಬೀಳುವಲ್ಲಿ ಇಡಬೇಡಿ. ಕೂಲರ್ ಓಡುವ ರೂಮಿನ ಗಾಳಿಯಲ್ಲಿ ತೇವ ಇರುವುದರಿಂದ ಅಲ್ಲಿ ಮರಕ್ಕೆ ಅಷ್ಟು ತೊಂದರೆ ಇಲ್ಲ. ಮುಖ್ಯವಾಗಿ, ಸಂದು ಕಂಡ ಕೂಡಲೇ ಬಡಗಿಯನ್ನು ಕರೆದು ಪುಟ್ಟಿ ತುಂಬಿಸಬೇಡಿ. ಮಳೆಗಾಲದಲ್ಲಿ ಮರ ಮತ್ತೆ ಉಬ್ಬುತ್ತದೆ. ಆಗ ಸಂದಿನಲ್ಲಿ ಗಟ್ಟಿಯಾದ ಪುಟ್ಟಿ ಹಲಗೆಯನ್ನೇ ಒತ್ತಿ ಸೀಳುತ್ತದೆ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ಆಮೇಲೂ ಅಲ್ಲಾಡುವ ಜೋಡಣೆ ಇದ್ದರೆ ಅದನ್ನು ಬಿಚ್ಚಿಸಿ ಅಂಟು ಹಾಕಿಸಿ.