ಕೂಸು ಹುಟ್ಟುವ ಮುಂಚೆ ಎಷ್ಟು ಕುಲಾವಿ?

ಪ್ರಶ್ನೆ: ನನಗೀಗ ಏಳೂವರೆ ತಿಂಗಳು. ಮೊದಲನೇ ಮಗು. ಬೆಂಗಳೂರಿನಲ್ಲಿ ಎರಡು ರೂಮಿನ ಬಾಡಿಗೆ ಮನೆಯಲ್ಲಿದ್ದೇವೆ. ಆಫೀಸಿನ ಗೆಳತಿಯೊಬ್ಬಳು ಮಗುವಿಗೆ ಬೇಕಾಗುವ ಸಾಮಾನಿನ ಪಟ್ಟಿ ಕಳಿಸಿದ್ದಾಳೆ, ಎಣಿಸಿದರೆ 64 ಐಟಂ! ಅತ್ತೆ ಮಾತ್ರ "ಮಗು ಹುಟ್ಟೋ ಮುಂಚೆ ಒಂದು ದಾರಾನೂ ತರಬೇಡಿ" ಅನ್ನುತ್ತಾರೆ. ನಿಜವಾಗಿ ಮೊದಲೇ ಏನೇನು ತಂದಿಟ್ಟುಕೊಳ್ಳಬೇಕು?

ಉತ್ತರ: ಅತ್ತೆ ಮಾತಿನಿಂದಲೇ ಶುರು ಮಾಡೋಣ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತ ನಮ್ಮಲ್ಲಿ ಆತುರಗಾರರನ್ನು ಆಡಿಕೊಳ್ಳುವುದುಂಟು. ಹೆರಿಗೆ ಅಂದರೆ ಜೀವ ಕೈಯಲ್ಲಿ ಹಿಡಿದುಕೊಂಡಂತೆ ಇದ್ದ ಕಾಲದಲ್ಲಿ, ತಂದಿಟ್ಟ ಪುಟ್ಟ ಬಟ್ಟೆ ನೋಡುತ್ತಾ ಅಳುವ ಸಂಕಟ ಯಾರಿಗೂ ಬರಬಾರದು ಅಂತ ಹಿರಿಯರು ಹೀಗೆ ಹೇಳಿರಬಹುದು. ಆ ಭಯವನ್ನು ನೋಡಿ ನಗಬೇಡಿ. ಆದರೆ ಆಗ ಬಸುರಿ ತವರಿಗೆ ಹೋಗುತ್ತಿದ್ದಳು. ಅಲ್ಲಿ ಹಳೇ ಪಂಚೆ, ಹಳೇ ಸೀರೆ, ಅಟ್ಟದ ಮೇಲೆ ತೊಟ್ಟಿಲು, ಅಕ್ಕನ ಮಗುವಿನ ಕುಲಾವಿ ಎಲ್ಲ ಮೊದಲೇ ಇರುತ್ತಿತ್ತು. ಏನೂ ತರದೆ ನಡೆಯುತ್ತಿದ್ದದ್ದು ಅದಕ್ಕೇ. ಎರಡು ರೂಮಿನ ಬಾಡಿಗೆ ಮನೆಗೆ ಅಟ್ಟ ಎಲ್ಲಿಂದ ಬರಬೇಕು?

ಇನ್ನು ಆ 64ರ ಪಟ್ಟಿ. ಅಂಥವನ್ನು ನಾನೂ ನೋಡಿದ್ದೇನೆ. ವೈಪ್ಸ್ ಬೆಚ್ಚಗೆ ಮಾಡುವ ಡಬ್ಬಿ, ಡೈಪರ್ ಎಸೆಯಲು ಬೇರೆಯದೇ ಬಕೆಟ್, ಮಗುವಿನ ರೂಮಿಗೆ ಪರದೆ. ಮಗುವಿಗೆ ಒಂದು ರೂಮನ್ನೇ ಬಿಟ್ಟುಕೊಡುವ ದೇಶದವರು ಬರೆದದ್ದು ಅಂತ ನೋಡಿದರೇ ಗೊತ್ತಾಗುತ್ತದೆ. ತಮಾಷೆ ಅಂದರೆ, ಮೊದಲ ಆರು ತಿಂಗಳಾದರೂ ಮಗು ಅಪ್ಪ ಅಮ್ಮನ ರೂಮಿನಲ್ಲೇ ಮಲಗಲಿ ಅಂತ ಅಮೆರಿಕದ ಮಕ್ಕಳ ವೈದ್ಯರೇ ಹೇಳುತ್ತಾರೆ.

ನನ್ನ ಲೆಕ್ಕ ಸುಲಭ. ಮೊದಲ ಹತ್ತು ದಿನಕ್ಕೆ ಬೇಕಾದದ್ದು ಮನೆಯಲ್ಲಿರಲಿ. ಮಿಕ್ಕಿದ್ದು ಮಗು ಬಂದ ಮೇಲೆ. ಈ ಊರಿನಲ್ಲಿ ಡೈಪರ್ ಮುಗಿದರೆ ಫೋನ್ ಒತ್ತಿ ಕಾಫಿ ಕುಡಿಯುವಷ್ಟರಲ್ಲಿ ಬಾಗಿಲಿಗೆ ಬರುತ್ತದೆ. ನೂರು ಸಲ ಒಗೆದು ಮೆತ್ತಗಾದ ಬಟ್ಟೆ ಮಾತ್ರ ಯಾವ ಆ್ಯಪಿನಲ್ಲೂ ಸಿಗಲ್ಲ.

ಇದು ನಾನು ಪೆಟ್ಟು ತಿಂದು ಕಲಿತದ್ದು. ನಮ್ಮ ಮಗಳು ಹೇಳಿದ ದಿನಕ್ಕಿಂತ ಎರಡು ವಾರ ಮುಂಚೆ ಬಂದಳು. ನರ್ಸಮ್ಮ ಹೊರಗೆ ಬಂದು "ಮಗು ಬಟ್ಟೆ ಕೊಡಿ" ಅಂದರು. ನಮ್ಮ ಮನೆಯವರು ಬ್ಯಾಗ್ ತೆಗೆದರೆ ಕಮರ್ಷಿಯಲ್ ಸ್ಟ್ರೀಟಿನಿಂದ ತಂದ ಮೂರು ಜೊತೆ, ಬೆಲೆ ಚೀಟಿಯ ಸಮೇತ. ಗಂಜಿ ಹಾಕಿದ ಹಾಗೆ ಬಿರುಸು. ಎಲ್ಲವೂ ತಲೆ ಮೇಲಿಂದ ತೂರಿಸುವ ಅಂಗಿಗಳೇ. ನರ್ಸಮ್ಮ ಕತ್ತಿನ ಹತ್ತಿರದ ಲೇಬಲ್ಲನ್ನು ಬೆರಳಿನಿಂದ ಒಮ್ಮೆ ಸವರಿ, "ಒಗೆದಿಲ್ವಾ ಸಾರ್?" ಅಂತ ವಾಪಸ್ ಕೊಟ್ಟರಂತೆ. ಪಕ್ಕದ ಬೆಂಚಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ತಮ್ಮ ಚೀಲದಿಂದ ಎರಡು ಪಂಚೆ ತುಂಡು ತೆಗೆದುಕೊಟ್ಟರು. ನಮ್ಮ ಮಗಳು ಮೊದಲು ಹೊದ್ದದ್ದು ಯಾರೋ ಗೊತ್ತಿಲ್ಲದ ತಾತನ ಪಂಚೆ.

ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ಊರಿಗೆ ಫೋನ್ ಮಾಡಿ ಹಳೇ ಕಾಟನ್ ಪಂಚೆ ಕೇಳಿ. ಪಾಲಿಯೆಸ್ಟರ್ ಬೆರೆತದ್ದು ಬೇಡ, ಅದು ನೀರು ಹೀರಲ್ಲ. ಜರಿ ಅಂಚು ಮೊದಲು ಕತ್ತರಿಸಿ ತೆಗೆಯಿರಿ, ಚುಚ್ಚುತ್ತದೆ. ಆಮೇಲೆ ಕತ್ತರಿಯಿಂದ ಒಂದು ಸಣ್ಣ ಕಚ್ಚು ಕೊಟ್ಟು ಎರಡೂ ಕೈಯಲ್ಲಿ ಎಳೆದರೆ ಸರ್ರಂತ ನೂಲಿನ ಗುಂಟ ನೇರವಾಗಿ ಹರಿಯುತ್ತದೆ. ಸುಮಾರು 60 ಸೆಂಟಿಮೀಟರಿನ ಚೌಕ ಮಾಡಿಕೊಂಡರೆ ಮೂಲೆಗೆ ಮೂಲೆ ಸೇರಿಸಿ ಲಂಗೋಟಿ ಕಟ್ಟಲು ಸರಿಯಾಗುತ್ತದೆ. ನಾಲ್ಕು ಮೊಳದ ಪಂಚೆಯಲ್ಲಿ ಆರು ಬರುತ್ತವೆ. ಒಂದೆರಡು ಪಂಚೆಯನ್ನು ಅಷ್ಟು ಚಿಕ್ಕದಾಗಿ ಹರಿಯದೆ, ಮಗುವನ್ನು ಸುತ್ತಲು ದೊಡ್ಡ ತುಂಡುಗಳಾಗಿಯೇ ಇಟ್ಟುಕೊಳ್ಳಿ.

ಎಷ್ಟು ಲಂಗೋಟಿ ಬೇಕು? ಹಾಲು ಚೆನ್ನಾಗಿ ಕುಡಿಯುವ ಮಗು ಐದಾರು ದಿನ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಉಚ್ಚೆ ಮಾಡಬೇಕು. ಎಷ್ಟೋ ಮಕ್ಕಳು ಹತ್ತು ದಾಟಿಸುತ್ತವೆ. 24 ಇದ್ದರೆ ಒಗೆದು ಒಣಗಿಸಿ ಸರಿದೂಗಿಸಬಹುದು. ಆದರೆ ನಿಮ್ಮ ಹೆರಿಗೆ ಜೂನ್‌ನಿಂದ ಅಕ್ಟೋಬರ್ ನಡುವೆ ಬರುವುದಾದರೆ ಇನ್ನೊಂದು ಹತ್ತು ಇರಲಿ. ಬಾಡಿಗೆ ಮನೆಯ ಬಾಲ್ಕನಿ, ಮಳೆಗಾಲ, ಮೂರು ದಿನವಾದರೂ ಹಸಿ ವಾಸನೆ ಬಿಡದ ಬಟ್ಟೆ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಕೊಳ್ಳುವ ಬಟ್ಟೆ ಅಂದರೆ ಆರು ಜಬ್ಲಾ ಸಾಕು. ಮುಂದೆ ಕಸೆ ಕಟ್ಟುವಂಥದ್ದೇ ಬೇಕು. ಕತ್ತು ನಿಲ್ಲದ ಮಗುವಿಗೆ ತಲೆ ಮೇಲಿಂದ ಅಂಗಿ ತೂರಿಸುವುದು ಹೊಸ ಅಪ್ಪಂದಿರ ಕೈಲಂತೂ ಆಗದ ಕೆಲಸ. ಹೊಕ್ಕುಳ ಬಳ್ಳಿ ಒಣಗಿ ಬೀಳಲು ಒಂದೆರಡು ವಾರ ಬೇಕು. ಅಲ್ಲಿ ಬಟ್ಟೆ ಉಜ್ಜಬಾರದು, ಎಣ್ಣೆ ಅರಿಶಿನ ಏನೂ ಹಚ್ಚಬಾರದು, ಸುಮ್ನೆ ಒಣಗಲು ಬಿಡಬೇಕು. ಎರಡು ಕುಲಾವಿ, ಎರಡು ಜೊತೆ ಕಾಲುಚೀಲ. ಡಿಸೆಂಬರ್ ಜನವರಿಯಾದರೆ ಒಂದು ಸ್ವೆಟರ್. ಮಲ್ಲೇಶ್ವರದ 8ನೇ ಕ್ರಾಸು, ಗಾಂಧಿ ಬಜಾರು, ಜಯನಗರ 4ನೇ ಬ್ಲಾಕು, ನಿಮಗೆ ಯಾವುದು ಹತ್ತಿರವೋ ಅಲ್ಲಿ ಹೋಗಿ ಅಂಗಡಿಯವರನ್ನು "ಸಾದಾ ಕಾಟನ್ ಜಬ್ಲಾ" ಅಂತ ಕೇಳಿ. ಗುಲಾಬಿಯೋ ನೀಲಿಯೋ ಅನ್ನುವ ತಲೆಬಿಸಿ ನಮಗಿಲ್ಲ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಹೇಳುವುದನ್ನು 1994ರ ಕಾಯ್ದೆಯೇ ನಿಷೇಧಿಸಿದೆ. ಬಿಳಿ, ಹಳದಿ ತನ್ನಿ. ಅಂದದ ಫ್ರಾಕು, ಶೇರ್ವಾನಿ ಯಾವುದನ್ನೂ ತರಬೇಡಿ. ನಾಮಕರಣಕ್ಕೆ ಬರುವವರೆಲ್ಲ ಅದನ್ನೇ ತರುತ್ತಾರೆ.

ಡೈಪರ್ ಬೇಡ ಅಂತಲ್ಲ. ಮೊದಲ ಎರಡು ಮೂರು ದಿನ ಮಗು ಮಾಡುವ ಕಕ್ಕ ಡಾಂಬರಿನ ಹಾಗೆ ಕಪ್ಪಗೆ ಅಂಟಂಟಾಗಿರುತ್ತದೆ. ಪಂಚೆಗೆ ಹತ್ತಿದರೆ ಹೋಗಲ್ಲ. ಹೊಸ ಮಗುವಿನ ಸೈಜಿನ ಒಂದು ಸಣ್ಣ ಪ್ಯಾಕೆಟ್ ಬ್ಯಾಗಿನಲ್ಲಿರಲಿ. ಸೇಲ್ ಇದೆ ಅಂತ ನಾಲ್ಕು ದೊಡ್ಡ ಪ್ಯಾಕ್ ತಂದರೆ, ಮಗುವಿಗೆ ಆ ಕಂಪನಿಯದು ಒಗ್ಗದೆ ತೊಡೆ ಕೆಂಪಾಗಬಹುದು, ಇಲ್ಲ ಎರಡನೇ ಪ್ಯಾಕಿಗೇ ಸೈಜು ಚಿಕ್ಕದಾಗಬಹುದು.

ಮಲಗಿಸುವುದರ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಯಾಕೆಂದರೆ ನಮ್ಮ ದುಡ್ಡು ಹೋದದ್ದು ಅಲ್ಲೇ. ದೊಡ್ಡ ಮರದ ಕ್ರಿಬ್ ತಂದೆವು. ಮಂಚದ ಪಕ್ಕ ಇಟ್ಟರೆ ಬೀರುವಿನ ಬಾಗಿಲು ಅರ್ಧವೇ ತೆಗೆಯಲು ಆಗುತ್ತಿತ್ತು. ಎರಡೇ ವಾರದಲ್ಲಿ ಅದು ಮಡಿಸಬೇಕಾದ ಬಟ್ಟೆ ಹಾಕುವ ಜಾಗವಾಯಿತು. ಮೊದಲು ಟೇಪು ಹಿಡಿದು ರೂಮು ಅಳೆಯಿರಿ. ಮಗುವಿಗೆ ಬೇಕಾಗಿರುವುದು ಗಟ್ಟಿಯಾದ, ಸಮತಟ್ಟಾದ ಹಾಸಿಗೆ, ಅದರ ಮೇಲೆ ರಬ್ಬರ್ ಶೀಟು, ಬಿಗಿಯಾಗಿ ಹಾಸಿದ ಒಂದು ಹತ್ತಿ ಬಟ್ಟೆ. ಅಂಗಾತ ಮಲಗಿಸಬೇಕು. ದಿಂಬು ಬೇಡ, ಬೊಂಬೆ ಬೇಡ, ದಪ್ಪ ರಜಾಯಿ ಬೇಡ. ಮುಖದ ಮೇಲೆ ಬಿದ್ದರೆ ಸರಿಸಿಕೊಳ್ಳುವ ಶಕ್ತಿ ಆ ಕೂಸಿಗಿಲ್ಲ. ತಲೆ ಗುಂಡಗಾಗಲಿ ಅಂತ ರಾಗಿ ದಿಂಬು, ಸಾಸಿವೆ ದಿಂಬು ಹೊಲಿಸಿಕೊಡುವ ಅಜ್ಜಿಯರಿದ್ದಾರೆ. ಪ್ರೀತಿಯಿಂದ ತೆಗೆದುಕೊಳ್ಳಿ, ಬೀರುವಿನಲ್ಲಿಡಿ.

ನೆಂಟರ ಮನೆಯಿಂದ ತೊಟ್ಟಿಲು ಬಂದರೆ ಒಳ್ಳೆಯದೇ. ಕಂಬಿಗಳ ನಡುವಿನ ಸಂದು 6 ಸೆಂಟಿಮೀಟರಿಗಿಂತ ಜಾಸ್ತಿ ಇರಬಾರದು. ಇದ್ದರೆ ಮಗು ಕಾಲು ಕಡೆಯಿಂದ ಜಾರಿ ತಲೆ ಸಿಕ್ಕಿಕೊಳ್ಳಬಹುದು. ಕೊಂಡಿ ಎಷ್ಟು ಹಳೆಯದು ಅಂತಲೂ ನೋಡಿ. ಸೀರೆಯ ಜೋಲಿ ಅಳು ನಿಲ್ಲಿಸಲು ಮಂತ್ರದ ಹಾಗೆ ಕೆಲಸ ಮಾಡುತ್ತದೆ. ಆದರೆ ಅದರಲ್ಲಿ ಮಗುವಿನ ಬೆನ್ನು ಬಾಗಿ ಗಲ್ಲ ಎದೆಗೆ ತಾಗುತ್ತದೆ. ನೀವು ಪಕ್ಕದಲ್ಲಿ ಕೂತು ನೋಡುತ್ತಿರುವಾಗ ಸರಿ, ರಾತ್ರಿಯಿಡೀ ಬೇಡ. ಇನ್ನು ಸೊಳ್ಳೆ ಪರದೆ. ಕೊಡೆಯ ಹಾಗೆ ಬಿಚ್ಚಿ ಮಡಿಸುವಂಥದ್ದು ಬರುತ್ತದಲ್ಲ, ಅದನ್ನು ಮರೆಯದೆ ತನ್ನಿ. ಡೆಂಗಿ ಇರುವ ಊರು ಇದು. ಸೊಳ್ಳೆ ಬತ್ತಿ, ಸಾಂಬ್ರಾಣಿ ಹೊಗೆ ಎರಡೂ ಎಳೆ ಮಗುವಿನ ಉಸಿರಾಟಕ್ಕೆ ಒಳ್ಳೆಯದಲ್ಲ.

ಹಾಲಿನ ಡಬ್ಬಿ, ಬಾಟಲು ಮೊದಲೇ ತಂದಿಡಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಬೇಡ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ. ಡಬ್ಬಿ ಹಾಲಿಗಾಗಲೀ ಹಾಲಿನ ಬಾಟಲಿಗಾಗಲೀ ಜಾಹೀರಾತು ಕೊಡುವುದು, ಉಚಿತ ಸ್ಯಾಂಪಲ್ ಹಂಚುವುದು ನಮ್ಮ ದೇಶದಲ್ಲಿ 1992ರ ಕಾಯ್ದೆಯ ಪ್ರಕಾರ ಅಪರಾಧ. ಯಾರಾದರೂ ಆಸ್ಪತ್ರೆಯ ಬಾಗಿಲಲ್ಲಿ ಪುಕ್ಕಟೆ ಕೊಡಲು ಬಂದರೆ ಇದು ನೆನಪಿರಲಿ. ನಿಜಕ್ಕೂ ಬೇಕಾಯಿತು ಅಂದರೆ ಡಾಕ್ಟರೇ ಬರೆದುಕೊಡುತ್ತಾರೆ, ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಬದಲಿಗೆ ಒಂದು ಸ್ಟೀಲಿನ ಒಳಲೆ, ಅಂದರೆ ಮೂತಿ ಇರುವ ಪುಟ್ಟ ಬಟ್ಟಲು, ಇಟ್ಟುಕೊಳ್ಳಿ. ಆಸ್ಪತ್ರೆಗಳಲ್ಲಿ ಪಾಲಾಡೈ ಅಂತ ಕರೆಯುತ್ತಾರೆ. ಮೊದಲ ದಿನಗಳಲ್ಲಿ ಮಗುವಿಗೆ ಕಚ್ಚಲು ಬಾರದಿದ್ದರೆ ಹಾಲು ಹಿಂಡಿ ಅದರಲ್ಲೇ ಕುಡಿಸುವುದು. ಬಾಟಲಿಗಿಂತ ತೊಳೆಯಲು ಸುಲಭ, ನೀರಿಗೆ ಹಾಕಿ ಚೆನ್ನಾಗಿ ಕುದಿಸಿ ತೆಗೆದರಾಯಿತು. ಬ್ರೆಸ್ಟ್ ಪಂಪ್ ಕೂಡ ಆಮೇಲೆ ನೋಡಿಕೊಳ್ಳಬಹುದು. ಬಜೆ ತೇಯುವುದು, ನಾಲಿಗೆಗೆ ಜೇನು ಸವರುವುದು ಬೇಡ. ಒಂದು ವರ್ಷದೊಳಗಿನ ಮಗುವಿಗೆ ಜೇನಿನಿಂದ ಬಾಟುಲಿಸಂ ಎಂಬ ಅಪಾಯದ ಕಾಯಿಲೆ ಬರಬಹುದು.

ಈ ಪಟ್ಟಿಗಳಲ್ಲಿ ಎಲ್ಲರೂ ಮರೆಯುವುದು ತಾಯಿಯನ್ನು. ಕರ್ನಾಟಕ ಸರ್ಕಾರ ಸರ್ಕಾರಿ ಆಸ್ಪತ್ರೆಗಳಲ್ಲಿ ಬಡ ಬಾಣಂತಿಯರಿಗೆ ಕೊಡುತ್ತಿದ್ದ ಮಡಿಲು ಕಿಟ್ ನೆನಪಿದೆಯಾ? 19 ವಸ್ತು, ಒಂದೇ ಬ್ಯಾಗು. ಸೊಳ್ಳೆ ಪರದೆ, ಹೊದಿಕೆ, ಮಗುವಿನ ಸ್ವೆಟರು, ಟೋಪಿ. ಅದರ ಜೊತೆಗೇ ತಾಯಿಗೆ ಸೋಪು, ಕೊಬ್ಬರಿ ಎಣ್ಣೆ, ಪ್ಯಾಡು. ನಿಮ್ಮ ಗೆಳತಿಯ 64ರಲ್ಲಿ ಅಮ್ಮನಿಗೆ ಅಂತ ಎಷ್ಟಿವೆ, ಒಮ್ಮೆ ಎಣಿಸಿ ನೋಡಿ. ಹೆರಿಗೆ ಆದ ಮೇಲೆ ರಕ್ತಸ್ರಾವ ಕೆಲವರಿಗೆ ಆರು ವಾರದವರೆಗೂ ಇರುತ್ತದೆ. ದೊಡ್ಡ ಪ್ಯಾಡು ಮೂರು ಪ್ಯಾಕೆಟ್ ತನ್ನಿ. ಮುಂದೆ ಜಿಪ್ಪೋ ಗುಂಡಿಯೋ ಇರುವ ನೈಟಿ ನಾಲ್ಕು, ಹಾಲು ಕುಡಿಸುವ ಬ್ರಾ ಎರಡು, ಸ್ಕಾರ್ಫು, ಸಾಕ್ಸು, ಬಿಸಿನೀರಿನ ಫ್ಲಾಸ್ಕು. ಉದ್ದ ವೈರಿನ ಫೋನ್ ಚಾರ್ಜರ್ ಕೂಡ. ಆಸ್ಪತ್ರೆಯ ಮಂಚಕ್ಕೂ ಪ್ಲಗ್ಗಿಗೂ ಯಾಕೆ ಅಷ್ಟು ದೂರ ಇಡುತ್ತಾರೋ ದೇವರಿಗೇ ಗೊತ್ತು.

ಒಂದು ಡಿಜಿಟಲ್ ಥರ್ಮಾಮೀಟರ್ ಇರಲಿ. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮನೆಮದ್ದು ಮಾಡುತ್ತಾ ಕೂರಬಾರದು, ಆ ಕ್ಷಣವೇ ಡಾಕ್ಟರ ಹತ್ತಿರ ಹೋಗಬೇಕು. ಪೌಡರ್ ಡಬ್ಬಿ ಬೇಡ, ಮೂಗಿನೊಳಗೆ ಹೋಗುತ್ತದೆ. ಅಂಗಡಿಯ ಕಾಡಿಗೆಯಲ್ಲಿ ಸೀಸ ಇರಬಹುದು, ಕಣ್ಣಿಗೆ ಹಚ್ಚಬೇಡಿ. ದೃಷ್ಟಿಬೊಟ್ಟು ಇಡಲೇಬೇಕು ಅಂದರೆ ಅಂಗಾಲಿಗೆ ಒಂದು ಚುಕ್ಕೆ ಇಟ್ಟರೆ ಅತ್ತೆಗೂ ಸಮಾಧಾನ.

ಸ್ವಂತ ಕಾರಿದ್ದರೆ ಮಾತ್ರ ಮೊದಲೇ ಕೊಳ್ಳಬೇಕಾದ ದುಬಾರಿ ವಸ್ತು ಒಂದಿದೆ, ಹಿಂದಕ್ಕೆ ಮುಖ ಮಾಡಿ ಕೂರಿಸುವ ಮಗುವಿನ ಸೀಟು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಕಾರಿನಲ್ಲಿ ಮಕ್ಕಳಿಗೆ ಬೆಲ್ಟು ಅಥವಾ ಇಂಥ ಸೀಟು ಇಲ್ಲದಿದ್ದರೆ 1,000 ರೂಪಾಯಿ ದಂಡ. ದಂಡ ಬಿಡಿ, ಸಿಲ್ಕ್ ಬೋರ್ಡಿನಲ್ಲಿ ಯಾರೋ ಸಡನ್ ಬ್ರೇಕ್ ಹಾಕಿದಾಗ ತೊಡೆ ಮೇಲಿನ ಮಗುವನ್ನು ಕೈಯಲ್ಲಿ ತಡೆಯಲು ಆಗಲ್ಲ. ಹೆರಿಗೆಗೆ ಮುಂಚೆಯೇ ಜೋಡಿಸಿ ಬಿಚ್ಚಿ ಅಭ್ಯಾಸ ಮಾಡಿ. ತಳ್ಳುಗಾಡಿ ಕಥೆ ಬೇರೆ. ಅಪಾರ್ಟ್‌ಮೆಂಟಿನ ಒಳಗೆ ರಸ್ತೆ ಇದ್ದರೆ ಆಮೇಲೆ ಕೊಳ್ಳಿ. ನಮ್ಮ ಫುಟ್‌ಪಾತಿನಲ್ಲಿ ಚಪ್ಪಡಿ ಕಲ್ಲು, ಟ್ರಾನ್ಸ್‌ಫಾರ್ಮರು, ನಿಲ್ಲಿಸಿದ ಸ್ಕೂಟರು ದಾಟಿಸಲು ಅದನ್ನು ಎತ್ತಿಕೊಂಡೇ ನಡೆಯಬೇಕು. ವಾಕರ್ ಅನ್ನು ಮಾತ್ರ ಯಾರು ಕೊಟ್ಟರೂ ಬೇಡ ಅನ್ನಿ. ಕೆನಡಾದಲ್ಲಿ 2004ರಿಂದ ಅದನ್ನು ಮಾರುವುದೇ ನಿಷೇಧ.

ಅತ್ತೆಯ ಜೊತೆ ವಾದಕ್ಕೆ ಇಳಿಯಬೇಡಿ. ಪಂಚೆ ಹರಿಯುವ ಕೆಲಸ ಅವರಿಗೇ ಒಪ್ಪಿಸಿ. ಅದು ಹಳೇ ಬಟ್ಟೆ, "ತಂದದ್ದು" ಅಂತ ಆಗಲ್ಲ. ಹೊಸ ಜಬ್ಲಾಗಳನ್ನು ನಿಮ್ಮ ಅಮ್ಮನ ಮನೆಯಲ್ಲೋ ಗೆಳತಿಯ ಬೀರುವಿನಲ್ಲೋ ಇಡಬಹುದು, ಒಗೆದು ಬಿಸಿಲಿಗೆ ಒಣಗಿಸಿ. ಕ್ರಿಬ್ಬು, ತಳ್ಳುಗಾಡಿಯ ದುಡ್ಡನ್ನು ಹಾಗೇ ಬ್ಯಾಂಕಿನಲ್ಲಿ ಬಿಡಿ. ಸೀಮಂತಕ್ಕೆ ಏನು ತರಲಿ ಅಂತ ಕೇಳಿದವರಿಗೆ ನಾಚಿಕೊಳ್ಳದೆ "ಸೊಳ್ಳೆ ಪರದೆ" ಅನ್ನಿ.

ಎಂಟು ತಿಂಗಳು ತುಂಬುವಷ್ಟರಲ್ಲಿ ಬ್ಯಾಗು ರೆಡಿ ಇರಲಿ. ಹೊರಗಿನ ಜೇಬಿನಲ್ಲಿ ತಾಯಿ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟು, ಇನ್ಶೂರೆನ್ಸ್ ಕಾರ್ಡು, ಆಧಾರ್. ಮಗುವಿನ ಮೊದಲ ಜೊತೆ ಬಟ್ಟೆಯನ್ನು, ಅಂದರೆ ಒಂದು ಜಬ್ಲಾ, ಒಂದು ಲಂಗೋಟಿ, ಒಂದು ಕುಲಾವಿ, ಸುತ್ತಲು ಪಂಚೆ, ಬೇರೆ ಕವರಿನಲ್ಲಿ ಹಾಕಿ ಎಲ್ಲಕ್ಕಿಂತ ಮೇಲೆ ಇಡಿ. ಆ ಕವರು ಎಲ್ಲಿದೆ ಅಂತ ಗಂಡನಿಗೆ ತೋರಿಸಿ, ಅವರ ಕೈಯಿಂದಲೇ ಒಂದು ಸಲ ತೆಗೆಸಿ. ಬಾಗಿಲ ಹತ್ತಿರ ನಿಂತು ನರ್ಸಮ್ಮನಿಗೆ ಉತ್ತರ ಹೇಳಬೇಕಾದವರು ಅವರೇ.