ಟ್ರ್ಯಾಕ್ಟರ್ ಬ್ಯಾಟರಿಯಿಂದ ಔಷಧಿ ಪಂಪಿನ ಬ್ಯಾಟರಿ ಚಾರ್ಜ್ ಆಗುತ್ತಾ?

ಪ್ರಶ್ನೆ: ಸಾರ್, ಹೊಲದಲ್ಲಿ ಕರೆಂಟ್ ಇಲ್ಲ. ಔಷಧಿ ಹೊಡೆಯುವ ಬ್ಯಾಟರಿ ಪಂಪು ಅರ್ಧ ಹೊಲಕ್ಕೇ ನಿಂತುಹೋಯಿತು. ಪಕ್ಕದಲ್ಲೇ ಟ್ರ್ಯಾಕ್ಟರ್ ಇದೆ. ಎರಡೂ 12 ವೋಲ್ಟ್ ಬ್ಯಾಟರಿ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ವೈರ್ ಕೊಟ್ಟು ರಾತ್ರಿಯಿಡೀ ಬಿಟ್ಟರೆ ಚಾರ್ಜ್ ಆಗಲ್ವಾ?

ಉತ್ತರ: ಟ್ರ್ಯಾಕ್ಟರ್ ಬ್ಯಾಟರಿಯಿಂದ ಚಾರ್ಜ್ ಮಾಡಬಹುದು. ಆದರೆ ಬರೀ ವೈರಿನಿಂದ ಆಗುವುದಿಲ್ಲ, ನಡುವೆ ಚಾರ್ಜರ್ ಬೇಕೇ ಬೇಕು. ಮಳೆಗಾಲ ಶುರುವಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಎಷ್ಟು ಸಲ ಹೇಳಿದರೂ ಒಮ್ಮೆ ವೈರ್ ಕೊಟ್ಟು ನೋಡದೆ ಯಾರೂ ಬಿಡುವುದಿಲ್ಲ. ಅದಕ್ಕೇ ಈ ಸಲ ಬಿಡಿಸಿ ಬರೆಯುತ್ತಿದ್ದೇನೆ.

ಎಲ್ಲರೂ ಹೇಳುವುದು ಒಂದೇ ಮಾತು: "ಎರಡು ತೊಟ್ಟಿಗೆ ಪೈಪ್ ಹಾಕಿದರೆ ನೀರು ಸಮ ಆಗುತ್ತೆ, ಹಾಗೇ ಬ್ಯಾಟರಿನೂ." ಹೋಲಿಕೆ ಚೆನ್ನಾಗಿದೆ. ಆದರೆ ನೀರಿನ ಮಟ್ಟ ಎಷ್ಟಿದೆ ಅಂತ ಯಾರೂ ಅಳೆದು ನೋಡುವುದಿಲ್ಲ. ತುಂಬಿದ ಲೆಡ್ ಆಸಿಡ್ ಬ್ಯಾಟರಿ (ಸೀಸದ ಪ್ಲೇಟು, ಆಸಿಡ್ ಇರುವ ಮಾಮೂಲಿ ಬ್ಯಾಟರಿ) ಸುಮ್ಮನೆ ಇಟ್ಟಾಗ ಸುಮಾರು 12.7 ವೋಲ್ಟ್ ತೋರಿಸುತ್ತದೆ. ಖಾಲಿಯಾದದ್ದು ಸುಮಾರು 11.9. ವ್ಯತ್ಯಾಸ ಒಂದು ವೋಲ್ಟ್ ಕೂಡ ಇಲ್ಲ. ಖಾಲಿ ಬ್ಯಾಟರಿಯೊಳಗೆ ಚಾರ್ಜ್ ಸರಿಯಾಗಿ ಇಳಿಯಬೇಕಾದರೆ 14.4 ವೋಲ್ಟ್ ಹತ್ತಿರ ಒತ್ತಡ ಕೊಡಬೇಕು. 12.7 ಇರುವ ಟ್ರ್ಯಾಕ್ಟರ್ ಬ್ಯಾಟರಿ ಅದನ್ನು ಎಲ್ಲಿಂದ ತರಬೇಕು? ಇದು ಪಕ್ಕಪಕ್ಕದ ಎರಡು ತೊಟ್ಟಿಯ ಲೆಕ್ಕವಲ್ಲ. ಬಾವಿಯಿಂದ ಮಾಳಿಗೆ ಮೇಲಿನ ಟ್ಯಾಂಕಿಗೆ ನೀರು ಏರಿಸುವ ಲೆಕ್ಕ. ಬಾವಿ ತುಂಬಿದ್ದರೂ ಮೋಟರ್ ಬೇಕು ಅಲ್ವಾ? ಆ ಮೋಟರ್ ಕೆಲಸ ಮಾಡುವುದೇ ಚಾರ್ಜರ್.

"ಆದರೆ ವೈರ್ ಬಿಸಿ ಆಯ್ತಲ್ಲ ಸಾರ್, ಕರೆಂಟ್ ಹೋಗ್ತಿದೆ ಅಂತಲೇ ಅಲ್ವಾ?" ಹೋಗುತ್ತದೆ, ಮೊದಲ ಕೆಲವು ನಿಮಿಷ. ಆಮೇಲೆ ಖಾಲಿ ಬ್ಯಾಟರಿಯ ತುದಿಯಲ್ಲಿ ವೋಲ್ಟ್ ಬೇಗ ಮೇಲೇರುತ್ತದೆ. ತಳ್ಳಲು ಒತ್ತಡ ಉಳಿಯುವುದಿಲ್ಲ. ಕರೆಂಟ್ ಹನಿಹನಿಯಾಗುತ್ತದೆ. ದಿನಗಟ್ಟಲೆ ಬಿಟ್ಟರೆ ಇನ್ನಷ್ಟು ಇಳಿದೀತು. ಆದರೆ ನಿಮಗೆ ಔಷಧಿ ಹೊಡೆಯಬೇಕಾದದ್ದು ನಾಳೆ ಬೆಳಗ್ಗೆ.

"ಮೀಟರ್ ಇಟ್ಟು ನೋಡಿದೆ, 12.6 ಬಂತು" ಅನ್ನುವವರೂ ಇದ್ದಾರೆ. ವೈರ್ ಬಿಚ್ಚಿದ್ದಿರಾ? ಇಲ್ಲ. ಹಾಗಾದರೆ ಮೀಟರ್ ತೋರಿಸಿದ್ದು ಟ್ರ್ಯಾಕ್ಟರ್ ಬ್ಯಾಟರಿಯ ವೋಲ್ಟ್. ಎರಡೂ ಒಂದೇ ವೈರಿನಲ್ಲಿರುವಾಗ ಎಲ್ಲಿ ಇಟ್ಟರೂ ಹೆಚ್ಚುಕಡಿಮೆ ಅದೇ ಬರುತ್ತದೆ. ಬಿಚ್ಚಿ, ಒಂದೆರಡು ಗಂಟೆ ಬಿಟ್ಟು, ಆಮೇಲೆ ಅಳೆಯಿರಿ.

ಕೊನೆಗೆ ಬರುವ ವಾದ: "ಕಾರಿಗೆ ಜಂಪ್ ಕೊಟ್ಟರೆ ಸ್ಟಾರ್ಟ್ ಆಗುತ್ತಲ್ಲ?" ಅಲ್ಲಿ ಸ್ಟಾರ್ಟರ್ ತಿರುಗಿಸುವ ಭಾರವನ್ನು ಹೆಚ್ಚಾಗಿ ಹೊರುವುದು ಪಕ್ಕದ ಗಾಡಿಯ ಬ್ಯಾಟರಿ. ಸತ್ತ ಬ್ಯಾಟರಿ ಆಗಲೂ ಖಾಲಿಯೇ. ಎಂಜಿನ್ ಓಡಲು ಶುರುವಾದ ಮೇಲೆ ಅದರದೇ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ಮಾಡುವ ಯಂತ್ರ) 14 ವೋಲ್ಟ್ ಹತ್ತಿರ ಕೊಟ್ಟು ತುಂಬಿಸುತ್ತದೆ.

ಹಾಗಾದರೆ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿ ವೈರ್ ಕೊಡೋಣ ಅಂತೀರಿ. ದಯವಿಟ್ಟು ಬೇಡ. ವೋಲ್ಟ್ ಸಿಗುತ್ತದೆ, ಆದರೆ ಆಂಪಿಯರ್‌ಗೆ (ಹರಿಯುವ ಕರೆಂಟಿನ ಪ್ರಮಾಣಕ್ಕೆ) ಕಡಿವಾಣ ಇರುವುದಿಲ್ಲ. 8 ಆಂಪಿಯರ್ ಅವರ್‌ನ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಸಣ್ಣ ಬ್ಯಾಟರಿಗೆ ಶುರುವಿನಲ್ಲಿ ಸಾಮಾನ್ಯವಾಗಿ 2.4 ಆಂಪಿಯರ್‌ಗಿಂತ ಜಾಸ್ತಿ ಕೊಡಬಾರದು. ಬ್ಯಾಟರಿಯ ಮೈಮೇಲೇ ಬರೆದಿರುತ್ತದೆ, ಓದಿ.

ಈಗ ಮಾಡಬೇಕಾದ್ದು. ಟ್ರ್ಯಾಕ್ಟರ್ ಬ್ಯಾಟರಿಗೆ 150 ವ್ಯಾಟ್‌ನ ಸಣ್ಣ ಕಾರ್ ಇನ್ವರ್ಟರ್ (ಬ್ಯಾಟರಿಯ 12 ವೋಲ್ಟನ್ನು ಮನೆ ಕರೆಂಟಿನಂತೆ ಮಾಡುವ ಪೆಟ್ಟಿಗೆ) ಕೊಡಿ, ಅದಕ್ಕೆ ಪಂಪಿನ ಜೊತೆ ಬಂದ ಚಾರ್ಜರ್ ಸಿಕ್ಕಿಸಿ. ಇಲ್ಲವೇ 12 ವೋಲ್ಟ್ ತೆಗೆದುಕೊಂಡು 14.4ಕ್ಕೆ ಏರಿಸಿ ಕೊಡುವ ಡಿಸಿ ಚಾರ್ಜರ್ ತಗೊಳ್ಳಿ, ಅದರಲ್ಲಿ ನಷ್ಟ ಕಡಿಮೆ. ಯಾವುದಾದರೂ ಸರಿ, ಟ್ರ್ಯಾಕ್ಟರ್ ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಫ್ಯೂಸ್ ಇರಲಿ. ಪಂಪಿನಲ್ಲಿ ಲಿಥಿಯಂ ಬ್ಯಾಟರಿ ಇದ್ದರೆ ಅದರದೇ ಚಾರ್ಜರ್ ಮಾತ್ರ. 12.6ಕ್ಕೇ ತುಂಬುವ ಪ್ಯಾಕಿಗೆ 14.4 ಕೊಟ್ಟರೆ ಬೆಂಕಿ ಹತ್ತಬಹುದು.

ಇನ್ವರ್ಟರ್, ಚಾರ್ಜರ್, ಬ್ಯಾಟರಿ, ಮೂರೂ ಕಡೆ ಸ್ವಲ್ಪ ಸ್ವಲ್ಪ ಸೋರುತ್ತದೆ. ಆದ್ದರಿಂದ ಪಂಪಿನ 8 ಆಂಪಿಯರ್ ಅವರ್ ತುಂಬಿಸಲು ಟ್ರ್ಯಾಕ್ಟರ್ ಬ್ಯಾಟರಿಯಿಂದ ಸುಮಾರು 14 ಆಂಪಿಯರ್ ಅವರ್ ಹೋಗುತ್ತದೆ. ಟ್ರ್ಯಾಕ್ಟರ್ ಬ್ಯಾಟರಿ 88 ಆಂಪಿಯರ್ ಅವರ್‌ನದ್ದಾದರೆ ದಿನಕ್ಕೆ ಒಂದು ಪಂಪಿಗೆ ತೊಂದರೆಯಿಲ್ಲ. ಮೂರು ಪಂಪು ಸಾಲಾಗಿ ಹಚ್ಚಿದರೆ ಬೆಳಗ್ಗೆ ಸ್ಟಾರ್ಟರ್ ತಿರುಗದಿರಬಹುದು. ಅದು ಸ್ಟಾರ್ಟ್ ಮಾಡಲು ಮಾಡಿದ ಬ್ಯಾಟರಿ, ಆಳವಾಗಿ ಖಾಲಿ ಮಾಡುತ್ತಾ ಹೋದರೆ ಬೇಗ ಕೆಡುತ್ತದೆ.

ನೀವು ಕೇಳದ ಇನ್ನೊಂದು ವಿಷಯ. "ಹೋದ ವರ್ಷ ಹೊಸದು, ಈ ವರ್ಷ ಚಾರ್ಜೇ ಹಿಡೀತಿಲ್ಲ" ಅಂತ ಪಂಪು ತರುವವರನ್ನು ನಾನು ಮೊದಲು ಕೇಳುವುದು: ಕೊನೆಯ ಸಲ ಔಷಧಿ ಹೊಡೆದ ಮೇಲೆ ಚಾರ್ಜ್ ಮಾಡಿದ್ದಿರಾ? ಬಹಳ ಜನ ತೊಳೆದು ಹಾಗೇ ಅಟ್ಟಕ್ಕೆ ಏರಿಸಿರುತ್ತಾರೆ. ಲೆಡ್ ಆಸಿಡ್ ಬ್ಯಾಟರಿ ಖಾಲಿಯಾದಾಗ ಅದರ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಕೂಡಲೇ ಚಾರ್ಜ್ ಮಾಡಿದರೆ ಕರಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಗಟ್ಟಿ ಹರಳಾಗುತ್ತದೆ, ಆಮೇಲೆ ಎಂಥ ಚಾರ್ಜರ್ ತಂದರೂ ಕರಗುವುದು ಕಷ್ಟ. ಅಟ್ಟಕ್ಕೆ ಏರಿಸುವ ಮುಂಚೆ ಪೂರ್ತಿ ಚಾರ್ಜ್ ಮಾಡಿ. ಎರಡು ಮೂರು ತಿಂಗಳಿಗೊಮ್ಮೆ ಇಳಿಸಿ ಇನ್ನೊಂದು ಸಲ ಮಾಡಿ. ಹಬ್ಬಕ್ಕೆ ಮನೆ ಸ್ವಚ್ಛ ಮಾಡುವಾಗ ಅಟ್ಟಕ್ಕೆ ಹತ್ತುತ್ತೀರಲ್ಲ, ಆಗ ಪಂಪನ್ನೂ ಕೆಳಗಿಳಿಸಿ ಪ್ಲಗ್‌ಗೆ ಹಚ್ಚಿ.