ದವಡೆ ಎಷ್ಟು ಕತ್ತರಿಸಬೇಕು? ಸ್ಕ್ಯಾನ್ ನೋಡಿ ಹೇಳೋದು ಯಾಕೆ ಕಷ್ಟ

ಕೋಲಾರದ ಕಡೆ ಎಲೆ ಅಡಿಕೆ ಜೊತೆ ಹೊಗೆಸೊಪ್ಪನ್ನು ಕೆನ್ನೆಯಲ್ಲಿ ಅದುಮಿಟ್ಟುಕೊಳ್ಳುವ ಅಭ್ಯಾಸ ಹೆಂಗಸರಲ್ಲೂ ಇದೆ. ಕೆಲವರು ಹಾಗೇ ಮಲಗಿಬಿಡುತ್ತಾರೆ. ಕ್ಯಾನ್ಸರ್ ಗಡ್ಡೆ ಏಳುವುದೂ ಅಲ್ಲೇ, ಕೆನ್ನೆ ಒಸಡು ಸೇರುವ ಸಂದಿಯಲ್ಲಿ. ಒಸಡಿನ ಕೆಳಗೇ ದವಡೆ ಮೂಳೆ.

ಗಡ್ಡೆ ಮೂಳೆಗೆ ಇಳಿದಿದೆಯಾ, ಇಳಿದಿದ್ದರೆ ಎಷ್ಟು? ಸರ್ಜನ್‌ಗೆ ಮೊದಲು ಬೇಕಾದ ಉತ್ತರ ಇದು. ಇಳಿದಿಲ್ಲ ಅಂದರೆ ಮೂಳೆಯ ಮೇಲಂಚು ಮಾತ್ರ ತೆಗೆದು ಕೆಳಗಿನದ್ದು ಉಳಿಸಬಹುದು. ಒಳಗಿನ ಮಜ್ಜೆಗೆ ಹೋಗಿದ್ದರೆ ಆ ತುಂಡು ದವಡೆಯನ್ನೇ ತೆಗೆಯಬೇಕಾಗುತ್ತೆ, ಆ ಜಾಗಕ್ಕೆ ಎಷ್ಟೋ ಸಲ ಕಾಲಿನ ಫಿಬ್ಯುಲಾ ಮೂಳೆ ತಂದು ಕೂರಿಸುತ್ತಾರೆ.

ಹಲ್ಲಿನ ಡಾಕ್ಟರು ತೆಗೆಸುವ ಒಪಿಜಿ, ಅಂದರೆ ಇಡೀ ದವಡೆಯನ್ನು ಒಂದೇ ಚಿತ್ರದಲ್ಲಿ ತೋರಿಸುವ ಎಕ್ಸ್‌ರೇ, ಅಗ್ಗ. ಆದರೆ ಮೂಳೆಯ ಖನಿಜ ಸುಮಾರು ಶೇ. 30ರಿಂದ 50ರಷ್ಟು ಕರಗುವ ತನಕ ಅದರಲ್ಲಿ ಏನೂ ಕಾಣದೇ ಇರಬಹುದು. ಎಕ್ಸ್‌ರೇ ಕ್ಲೀನ್ ಇದೆ ಅಂತ ನೆಮ್ಮದಿಯಾಗಿ ಕೂರುವ ಹಾಗಿಲ್ಲ.

ಸಿಟಿ ಸ್ಕ್ಯಾನ್ ಮೂಳೆಯ ಗಟ್ಟಿ ಹೊರಪದರ ಸವೆದಿದ್ದನ್ನು ಚೆನ್ನಾಗಿ ತೋರಿಸುತ್ತೆ. ಹಲ್ಲಿಗೆ ಲೋಹದ ಫಿಲ್ಲಿಂಗ್ ಇದ್ದರೆ ಮಾತ್ರ ಚಿತ್ರದ ತುಂಬಾ ಗೆರೆಗಳು. ಇನ್ನೊಂದು ತೊಂದರೆ, ಕೆನ್ನೆ ಒಸಡಿಗೆ ಅಂಟಿಕೊಂಡಿದ್ದರೆ ಗಡ್ಡೆ ಯಾವುದರದ್ದು ಅಂತ ಗೊತ್ತಾಗಲ್ಲ. ಅದಕ್ಕೇ ಸ್ಕ್ಯಾನ್ ವೇಳೆ ಕೆನ್ನೆ ಉಬ್ಬಿಸಿ ಹಿಡಿಯಿರಿ ಅಂತಾರೆ, ಬಲೂನು ಊದುವಾಗ ಉಬ್ಬುತ್ತಲ್ಲ ಹಾಗೆ. ಒಳಗೆ ಗಾಳಿ ತುಂಬಿದರೆ ಎರಡೂ ಬೇರೆಬೇರೆ ಕಾಣುತ್ತವೆ. ಖರ್ಚಿಲ್ಲದ ಈ ಉಪಾಯ ನನಗಂತೂ ತುಂಬಾ ಇಷ್ಟ. ಆದರೆ ವರ್ಷಗಟ್ಟಲೆ ಅಡಿಕೆ ಅಗಿದು ಕೆನ್ನೆ ಬಿಗಿದುಕೊಂಡವರಿಗೆ ಅಷ್ಟು ಉಬ್ಬಿಸೋದೇ ಕಷ್ಟ.

ಮಜ್ಜೆ ನೋಡೋಕೆ ಎಂಆರ್‌ಐ ಬೇಕು. ಮಜ್ಜೆಯಲ್ಲಿ ಕೊಬ್ಬು ಜಾಸ್ತಿ, ಹಾಗಾಗಿ ಒಂದು ಬಗೆಯ ಚಿತ್ರದಲ್ಲಿ ಅದು ಬೆಳ್ಳಗೆ ಕಾಣುತ್ತೆ, ಕ್ಯಾನ್ಸರ್ ನುಗ್ಗಿದ ಕಡೆ ಕಪ್ಪಾಗುತ್ತೆ. ಸರಿ, ಆದರೆ ಹುಳುಕು ಹಲ್ಲಿನ ಬೇರಲ್ಲಿ ಸೋಂಕಿದ್ದರೂ, ಇತ್ತೀಚೆಗೆ ಹಲ್ಲು ಕೀಳಿಸಿದ್ದರೂ, ಮೊದಲೇ ರೇಡಿಯೇಷನ್ ಆಗಿದ್ದರೂ ಅಲ್ಲಿ ಹಾಗೇ ಕಪ್ಪಾಗಬಹುದು. ಹೊಗೆಸೊಪ್ಪು ಹಾಕುವವರಲ್ಲಿ ಹಲ್ಲು ಒಸಡು ಎರಡೂ ಚೆನ್ನಾಗಿರೋರು ಎಷ್ಟು ಮಂದಿ ಹೇಳಿ? ಹಾಗಾಗಿ ಇಲ್ಲದ ಕ್ಯಾನ್ಸರನ್ನು ಎಂಆರ್‌ಐ ಇದೆ ಅನ್ನುವ ಅಪಾಯ ಇಂಥವರಲ್ಲೇ ಜಾಸ್ತಿ. ಅದೊಂದನ್ನೇ ನಂಬಿ ಕತ್ತರಿಸಿದರೆ ಉಳಿಸಬಹುದಾಗಿದ್ದ ದವಡೆ ಸುಮ್ನೆ ಹೋಗುತ್ತೆ. ಅದಕ್ಕೇ ಅನುಮಾನ ಬಂದಾಗ ಎರಡೂ ಸ್ಕ್ಯಾನ್ ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಕೆಳತುಟಿ, ಗದ್ದ ಜೋಮು ಹಿಡಿದಿದೆಯಾ ಅಂತಲೂ ಕೇಳುತ್ತಾರೆ, ಯಾಕೆಂದರೆ ಅಲ್ಲಿಗೆ ಸ್ಪರ್ಶ ತಿಳಿಸುವ ನರ ಹಾದುಹೋಗುವುದು ದವಡೆ ಮೂಳೆಯ ಒಳಗೇ.

ಆಪರೇಷನ್ ನಡುವೆಯೇ ಮೂಳೆ ಪರೀಕ್ಷೆ ಮಾಡಬಾರದಾ ಅಂತ ಕೇಳಬಹುದು. ಮೆತ್ತಗಿನ ಮಾಂಸವನ್ನು ಹೆಪ್ಪುಗಟ್ಟಿಸಿ ಅಲ್ಲೇ ನೋಡಬಹುದು. ಗಟ್ಟಿ ಮೂಳೆಯನ್ನು ಮೊದಲು ಆಸಿಡ್‌ನಂಥ ದ್ರಾವಣದಲ್ಲಿ ನೆನೆಹಾಕಿ ಮೆತ್ತಗಾಗಿಸಬೇಕು, ಅದಕ್ಕೆ ಎಷ್ಟೋ ದಿನ ಹಿಡಿಯುತ್ತೆ. ಆ ರಿಪೋರ್ಟ್ ಬರುವಷ್ಟರಲ್ಲಿ ರೋಗಿ ವಾರ್ಡಿನಲ್ಲಿರುತ್ತಾರೆ.